ಶರತ್ಕಾಲಕ್ಕೆ ಕೈತೋಟದ ತಯಾರಿ: ಮಣ್ಣು ಬೆಚ್ಚಗಿರುವಾಗಲೇ ಮುಗಿಸಬೇಕಾದ ಕೆಲಸಗಳು

ಬೇಸಿಗೆಯ ಕಾವು ಇಳಿದು ಬೆಳಗಿನ ಗಾಳಿಯಲ್ಲಿ ತಂಪು ಕಾಣಿಸಿಕೊಂಡಿತೆಂದರೆ, ಈ ವರ್ಷದ ತೋಟದ ಕೆಲಸ ಮುಗಿಯಿತೆಂದು ಹೆಚ್ಚಿನವರು ಕೈತೊಳೆದುಕೊಂಡುಬಿಡುತ್ತಾರೆ. ಬಾಡುತ್ತಿರುವ ಗಿಡಗಳನ್ನು ನೋಡಿದರೆ ಹಾಗನ್ನಿಸುವುದು ಸಹಜ. ನೆಲದೊಳಗಿನ ಲೆಕ್ಕ ಬೇರೆ. ಬೇಸಿಗೆಯಿಡೀ ಕುಡಿದ ಬಿಸಿಲನ್ನು ಮಣ್ಣು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಗಾಳಿ ತಣ್ಣಗಾಗಿ ಎಷ್ಟೋ ವಾರ ಕಳೆದ ಮೇಲೂ ಅದರಲ್ಲಿ ಬೆಚ್ಚಗಿನ ಗುಣ ಉಳಿದಿರುತ್ತದೆ. ಮೇಲೆ ಎಲೆ ಉದುರಿಸುತ್ತಿರುವ ಮರ ಕೆಳಗೆ ಬೇರು ಬಿಡುತ್ತಲೇ ಇರುತ್ತದೆ. ಮಣ್ಣಿನ ಉಷ್ಣಾಂಶ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ತನಕ ಆ ಬೆಳವಣಿಗೆ ನಿಲ್ಲುವುದಿಲ್ಲ. ಎರೆಹುಳುಗಳೂ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಅಷ್ಟೇ, ಈ ದಿನಗಳಲ್ಲಿ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ನಮ್ಮ ತಯಾರಿಯೆಲ್ಲ ಈ ಬೆಚ್ಚನೆಯ ಮಣ್ಣನ್ನು ನೆಚ್ಚಿಕೊಂಡೇ ನಡೆಯಬೇಕು.

ಕೆಲಸಗಳ ಪಟ್ಟಿ ಉದ್ದವಿದ್ದರೂ ಅವುಗಳ ಹಿಂದಿರುವ ನಿಯಮ ಒಂದೇ: ಚಳಿ ಕಾಲಿಡುವಾಗ ತೋಟದ ಒಂದು ಅಡಿ ಮಣ್ಣೂ ಬರಿದಾಗಿ ಬಿದ್ದಿರಬಾರದು. ಬರಿ ಮಣ್ಣಿನ ಮೇಲೆ ಬಿದ್ದ ಮಳೆಹನಿ ಅದರ ಹೆಂಟೆಗಳನ್ನು ಒಡೆದು, ನುಣುಪು ಕಣಗಳನ್ನು ಮೇಲೆ ಹರಡಿ, ಒಣಗಿದಾಗ ಗಟ್ಟಿ ಪದರ ಕಟ್ಟಿಸುತ್ತದೆ. ಉಳಿದಿದ್ದ ಸಾರಜನಕ ನೀರಿನೊಂದಿಗೆ ಕೆಳಗಿಳಿದು ಬೇರಿಗೆ ಎಟುಕದಷ್ಟು ಆಳಕ್ಕೆ ಹೋಗುತ್ತದೆ. ಖಾಲಿ ಜಾಗ ಕಂಡಲ್ಲಿ ಕಳೆ ತಾನಾಗಿಯೇ ಬಂದು ಕೂರುತ್ತದೆ.

ಮೊದಲು ದಿನ ಎಣಿಸಿ

ನಿಮ್ಮ ಪ್ರದೇಶದಲ್ಲಿ ಮೊದಲ ಹಿಮ ಸಾಮಾನ್ಯವಾಗಿ ಯಾವಾಗ ಬೀಳುತ್ತದೆ ಎಂಬುದನ್ನು ಹವಾಮಾನ ಇಲಾಖೆಯ ಮಾಹಿತಿಯಿಂದ ತಿಳಿದುಕೊಳ್ಳಿ. ಇಲ್ಲಿ ಹಿಮ ಎಂದರೆ ಎಲೆಯ ಮೇಲಿನ ತೇವ ಹೆಪ್ಪುಗಟ್ಟಿ ಬಿಳಿ ಪುಡಿಯಂತೆ ಕೂರುವುದು. ಆ ದಿನದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಬರಿ ಮಣ್ಣನ್ನು ಮುಚ್ಚಿಡಲೆಂದೇ ಬೆಳೆಸುವ ಕ್ಲೋವರ್‌ನಂಥ ಹೊದಿಕೆ ಬೆಳೆ ಬಿತ್ತಲು 6ರಿಂದ 8 ವಾರ ಮೊದಲು, ಹುಲ್ಲುಹಾಸಿನ ಖಾಲಿ ಜಾಗಕ್ಕೆ ಬೀಜ ಹಾಕಲೂ ಹೆಚ್ಚುಕಡಿಮೆ ಅಷ್ಟೇ ಮೊದಲು, ಟೊಮೆಟೊದ ಕುಡಿ ಚಿವುಟಲು 4 ವಾರ ಮೊದಲು. ಮರಗಿಡ ನೆಡುವುದಕ್ಕೂ ಬೆಳ್ಳುಳ್ಳಿ ನೆಡುವುದಕ್ಕೂ ಲೆಕ್ಕ ಹಿಡಿಯಬೇಕಾದದ್ದು ಹಿಮ ಬೀಳುವ ದಿನದಿಂದ ಅಲ್ಲ, ನೆಲವೇ ಹೆಪ್ಪುಗಟ್ಟುವ ದಿನದಿಂದ. ಅದು ಇನ್ನೂ ತಡವಾಗಿ ಬರುತ್ತದೆ. ಹಿಮವೇ ಬೀಳದ ಕಡೆ ಇರುವವರು ಮಳೆ ನಿಂತ ದಿನವನ್ನೂ ರಾತ್ರಿಯ ಉಷ್ಣಾಂಶ ಇಳಿಯುವುದನ್ನೂ ಆಧಾರವಾಗಿಟ್ಟುಕೊಳ್ಳಿ. ಹಿಮದಿಂದ ಕಾಪಾಡುವ ಕೆಲಸಗಳನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನಿಮಗೂ ಅನ್ವಯಿಸುತ್ತದೆ.

ಮಣ್ಣಿನ ಥರ್ಮಾಮೀಟರ್ ಒಂದಿದ್ದರೆ ಊಹೆ ಮಾಡುವ ಕಷ್ಟ ತಪ್ಪುತ್ತದೆ. 10 ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಮೂರು ದಿನ ಒಂದೇ ಹೊತ್ತಿಗೆ, ಬೆಳಗ್ಗೆ, ನೋಡಿ ಸರಾಸರಿ ತೆಗೆಯಿರಿ. ಒಂದೇ ದಿನದ ಅಳತೆ ನಂಬಲು ಬಾರದು. ಹಿಂದಿನ ದಿನದ ಬಿಸಿಲೋ ಮಳೆಯೋ ಅದನ್ನು ತಿರುಚಿರುತ್ತದೆ.

ಕೊನೆಯ ಕೊಯ್ಲು

ಟೊಮೆಟೊದ ಹೂವು ಕಾಯಿ ಕಟ್ಟಿ ಹಣ್ಣಾಗಲು ಆರೇಳು ವಾರ ಬೇಕು. ಹಿಮಕ್ಕೆ ನಾಲ್ಕೇ ವಾರ ಉಳಿದಿದ್ದಾಗ ಅರಳಿದ ಹೂವಿಗೆ ಗಿಡ ಖರ್ಚು ಮಾಡುವ ಶಕ್ತಿಯೆಲ್ಲ ವ್ಯರ್ಥ. ಆದ್ದರಿಂದ ತುದಿಯ ಕುಡಿಗಳನ್ನೂ ಹೊಸ ಹೂಗೊಂಚಲುಗಳನ್ನೂ ಚಿವುಟಿಬಿಡಿ, ಇರುವ ಕಾಯಿಗಳು ಬೇಗ ಬಲಿಯುತ್ತವೆ. ಹಿಮದ ಮುನ್ಸೂಚನೆ ಬಂದ ದಿನ ಉಳಿದ ಕಾಯಿಗಳನ್ನೆಲ್ಲ ಕಿತ್ತು ಒಳಗೆ ತನ್ನಿ. ಯಾವ ಹಸಿರು ಕಾಯಿ ಹಣ್ಣಾಗುತ್ತದೆ, ಯಾವುದು ಆಗುವುದಿಲ್ಲ ಎಂದು ತಿಳಿಯಬೇಕಾದರೆ ಒಂದನ್ನು ಕೊಯ್ದು ನೋಡಿ: ಬೀಜದ ಸುತ್ತ ಲೋಳೆ ತುಂಬಿದ್ದು, ಚಾಕು ತಗುಲಿದಾಗ ಬೀಜ ತುಂಡಾಗದೆ ಜಾರಿಕೊಂಡರೆ ಅದು ಬಲಿತ ಕಾಯಿ. ಅದೇ ಗಾತ್ರದ, ಅದೇ ತಿಳಿ ಹಸಿರಿನ ಕಾಯಿಗಳು 18ರಿಂದ 21 ಡಿಗ್ರಿಯಲ್ಲಿ ಚೆನ್ನಾಗಿ ಹಣ್ಣಾಗುತ್ತವೆ. ಬೆಳಕು ಬೇಕಿಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. 10 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ ಬಹಳ ದಿನ ಇಟ್ಟ ಹಸಿರು ಕಾಯಿ ಆಮೇಲೆ ಸರಿಯಾಗಿ ಕೆಂಪಾಗದೆ ಕೊಳೆಯುತ್ತದೆ.

ಕುಂಬಳಕಾಯಿಯನ್ನು 5ರಿಂದ 10 ಸೆಂಟಿಮೀಟರ್ ತೊಟ್ಟು ಉಳಿಸಿ ಕತ್ತರಿಸಿ. ತೊಟ್ಟು ಹಿಡಿದು ಎತ್ತಬೇಡಿ, ಅದು ಮುರಿದ ಜಾಗದಿಂದಲೇ ಕೊಳೆ ಶುರುವಾಗುತ್ತದೆ. 25ರಿಂದ 30 ಡಿಗ್ರಿಯ ಗಾಳಿಯಾಡುವ ಜಾಗದಲ್ಲಿ ಹತ್ತು ದಿನ ಇಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ 10ರಿಂದ 15 ಡಿಗ್ರಿಯ ಒಣ ಕೋಣೆಗೆ ಸಾಗಿಸಿ. ಕ್ಯಾರೆಟ್, ಕೇಲ್, ಬೀಟ್‌ರೂಟ್‌ಗಳಿಗೆ ಅವಸರವಿಲ್ಲ. ಚಳಿ ತಾಗಿದಾಗ ಈ ಗಿಡಗಳು ತಮ್ಮಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತವೆ, ಒಂದೆರಡು ಹಿಮ ಕಂಡ ಮೇಲೆ ಕಿತ್ತರೆ ರುಚಿ ಹೆಚ್ಚು.

ಏನನ್ನು ಕೀಳಬೇಕು, ಏನನ್ನು ಬಿಡಬೇಕು

ಈ ಹಂತದಲ್ಲಿ ಎರಡು ತಪ್ಪು ಸಾಮಾನ್ಯ. ಕೆಲವರು ಏನನ್ನೂ ಕೀಳದೆ ಹಾಗೇ ಬಿಡುತ್ತಾರೆ, ಕೆಲವರು ಗುಡಿಸಿ ಒಪ್ಪ ಮಾಡಿದಂತೆ ಎಲ್ಲವನ್ನೂ ಕಿತ್ತುಹಾಕುತ್ತಾರೆ. ಗಿಡಗಳನ್ನು ಮೂರು ಗುಂಪು ಮಾಡಿಕೊಳ್ಳಿ.

ರೋಗ ಬಂದವು ಮೊದಲ ಗುಂಪು: ಅಂಗಮಾರಿ ತಗುಲಿದ ಟೊಮೆಟೊ ಮತ್ತು ಆಲೂಗಡ್ಡೆ, ಬೂದಿ ರೋಗದ ಸೌತೆ ಮತ್ತು ಕುಂಬಳ ಬಳ್ಳಿ, ಕಪ್ಪು ಚುಕ್ಕೆಯ ಗುಲಾಬಿ ಎಲೆ. ಇವನ್ನು ಬುಡದ ಉದುರೆಲೆಗಳ ಸಮೇತ ಆರಿಸಿ ತೋಟದಿಂದ ಹೊರಗೆ ಕಳಿಸಿ. ಮನೆಯ ಕಾಂಪೋಸ್ಟ್ ರಾಶಿಗೆ ಹಾಕಬೇಡಿ. ರೋಗಾಣು ಸಾಯಬೇಕಾದರೆ ರಾಶಿ 55 ಡಿಗ್ರಿಗಿಂತ ಹೆಚ್ಚು ಕಾವಿನಲ್ಲಿ ಹಲವು ದಿನ ಇರಬೇಕು, ಅದೂ ಎಲ್ಲ ಭಾಗವೂ ಒಳಗೆ ಬರುವಂತೆ ಮಗುಚಿರಬೇಕು. ಮನೆಯಂಗಳದ ಸಣ್ಣ ರಾಶಿಗಳಲ್ಲಿ ಇದು ಅಪರೂಪ. ಆಲೂಗಡ್ಡೆ ಬೆಳೆದ ಮಡಿಯಲ್ಲಿ ಉಳಿದುಹೋದ ಸಣ್ಣ ಗೆಡ್ಡೆಗಳನ್ನು ತಪ್ಪದೆ ಹುಡುಕಿ ತೆಗೆಯಿರಿ. ಅಂಗಮಾರಿಯ ರೋಗಾಣು ಚಳಿಗಾಲ ಕಳೆಯುವುದು ಹೆಚ್ಚಾಗಿ ಜೀವಂತ ಗೆಡ್ಡೆಯಲ್ಲೇ.

ಎರಡನೆಯ ಗುಂಪು ಆರೋಗ್ಯವಾಗಿದ್ದು ಬೆಳೆ ಮುಗಿಸಿದವು. ಇವು ಕಾಂಪೋಸ್ಟಿಗೆ. ಬೀನ್ಸ್, ಬಟಾಣಿ, ಅಲಸಂದೆಯನ್ನು ಮಾತ್ರ ಕೀಳದೆ ನೆಲಮಟ್ಟದಲ್ಲಿ ಕತ್ತರಿಸಿ. ಒಂದು ಗಿಡವನ್ನು ಮೆಲ್ಲಗೆ ಅಗೆದು ಬೇರು ತೊಳೆದು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ: ಬೇರಿನುದ್ದಕ್ಕೂ ಸಾಸಿವೆ ಕಾಳಿನಷ್ಟು ದೊಡ್ಡ ಗಂಟುಗಳು. ಉಗುರಿನಿಂದ ಒಡೆದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಇನ್ನೂ ಹಿಡಿಯುತ್ತಿದೆ. ಬೂದು ಅಥವಾ ಹಸಿರು ಬಣ್ಣಕ್ಕೆ ತಿರುಗಿದ್ದರೆ ಅದರ ಕೆಲಸ ಮುಗಿದಿದೆ. ಎರಡೂ ಸಂದರ್ಭದಲ್ಲಿ ಆ ಬೇರು ಮಣ್ಣಿನಲ್ಲೇ ಕರಗಲಿ. ಬೇರು ಕೊಳೆತು ಉಳಿಯುವ ಸಂದುಗಳು ಗಾಳಿಗೂ ನೀರಿಗೂ ದಾರಿಯಾಗುತ್ತವೆ.

ಮೂರನೆಯದು ಹಾಗೇ ನಿಲ್ಲಬೇಕಾದವು. ಸೂರ್ಯಕಾಂತಿ, ಎಕಿನೇಶಿಯಾದಂಥ ಗಿಡಗಳ ಒಣಗಿದ ಬೀಜದ ತಲೆಗಳು ಹಕ್ಕಿಗಳಿಗೆ ಆಹಾರ. ಪೊಳ್ಳು ಕಾಂಡಗಳಲ್ಲಿ ಒಂಟಿ ಜೇನುನೊಣಗಳ ಮರಿಗಳು ಚಳಿಗಾಲ ಕಳೆಯುತ್ತವೆ. ವಸಂತದಲ್ಲಿ ಕತ್ತರಿಸುವಾಗಲೂ ಒಂದು ಅಡಿಯಷ್ಟು ಕಾಂಡ ಉಳಿಸಿದರೆ ಮುಂದಿನ ತಲೆಮಾರು ಅದರಲ್ಲೇ ಗೂಡು ಮಾಡುತ್ತದೆ. ಪರಾಗಸ್ಪರ್ಶ ಬೇಕೆನ್ನುವವರು ಈ ಒಂದಿಷ್ಟು ಅಸ್ತವ್ಯಸ್ತವನ್ನು ಸಹಿಸಿಕೊಳ್ಳಲೇಬೇಕು.

ಕಳೆಯ ವಿಷಯದಲ್ಲಿ ಉದಾರತೆ ಬೇಡ. ಬೀಜ ಕಟ್ಟುವ ಮೊದಲೇ ಕಿತ್ತುಬಿಡಿ. ಗರಿಕೆಯಂಥ ಹಬ್ಬುವ ಕಳೆಗಳನ್ನು ಫೋರ್ಕ್ ಹಾಕಿ ಸಡಿಲಿಸಿ ಇಡೀ ಬೇರು ಎಳೆಯಿರಿ. ಗುದ್ದಲಿಯಿಂದ ಕೊಚ್ಚಿದರೆ ಒಂದು ಬೇರು ಹತ್ತು ತುಂಡಾಗಿ, ಪ್ರತಿ ತುಂಡೂ ಹೊಸ ಗಿಡವಾಗುತ್ತದೆ.

ಮಣ್ಣಿನ ಪರೀಕ್ಷೆಗೆ ಇದೇ ಸರಿಯಾದ ಕಾಲ

ಸುಣ್ಣ ಹಾಕಬೇಕೆಂದು ಪರೀಕ್ಷೆಯಲ್ಲಿ ತಿಳಿದರೆ ಅದು ಕರಗಿ ಕೆಲಸ ಮಾಡಲು ತಿಂಗಳುಗಳು ಬೇಕು. ಶರತ್ಕಾಲದಲ್ಲಿ ಹಾಕಿದ್ದು ವಸಂತದ ಬಿತ್ತನೆಯ ಹೊತ್ತಿಗೆ ಸಿದ್ಧವಾಗಿರುತ್ತದೆ, ಬಿತ್ತುವ ವಾರ ಹಾಕಿದ್ದು ಆ ಬೆಳೆಗೆ ಸಿಗುವುದೇ ಇಲ್ಲ.

ಮಾದರಿ ತೆಗೆಯುವಾಗ ಮಡಿಯ ಎಂಟು ಹತ್ತು ಕಡೆ, ಮೇಲಿನ ಕಸ ಸರಿಸಿ, 15ರಿಂದ 20 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಪದರವಾಗಿ ತೆಗೆಯಿರಿ. ಗೊಬ್ಬರ ರಾಶಿ ಇದ್ದ ಜಾಗ, ಗೋಡೆಯ ಬುಡ, ದಾರಿಯ ಅಂಚು ಬಿಡಿ. ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳಿಸಿದರೆ ಸಾಕು. ಸತುವಿನ ಲೇಪವಿರುವ ಬಕೆಟ್ ಬಳಸಿದರೆ ಸತುವಿನ ಅಂಕಿ ಕೆಡುತ್ತದೆ.

ಹೆಚ್ಚಿನ ತರಕಾರಿಗಳಿಗೆ ರಸಸಾರ (pH, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ) 6ರಿಂದ 7ರೊಳಗೆ ಇದ್ದರೆ ಒಳ್ಳೆಯದು; ಬ್ಲೂಬೆರಿಗೆ 4.5ರಿಂದ 5.5 ಬೇಕು. ಸುಣ್ಣದ ಪ್ರಮಾಣವನ್ನು ವರದಿ ಹೇಳಿದಷ್ಟೇ ಹಾಕಿ. ಒಂದೇ ರಸಸಾರವಿರುವ ಮರಳು ಮಣ್ಣಿಗಿಂತ ಜೇಡಿ ಮಣ್ಣು ಹೆಚ್ಚು ಸುಣ್ಣ ಕೇಳುತ್ತದೆ, ಆದ್ದರಿಂದ ಪಕ್ಕದ ಮನೆಯವರ ಲೆಕ್ಕ ನಿಮಗೆ ಹೊಂದುವುದಿಲ್ಲ. ಹಸಿ ಸಗಣಿ ಗೊಬ್ಬರ ಮತ್ತು ಸುಣ್ಣವನ್ನು ಒಟ್ಟಿಗೆ ಹಾಕಬೇಡಿ, ಸಾರಜನಕ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಕಟ್ಟಿಗೆ ಬೂದಿಯೂ ಸುಣ್ಣದಂತೆಯೇ ರಸಸಾರ ಏರಿಸುತ್ತದೆ, ಅದನ್ನು ಪರೀಕ್ಷೆ ಮಾಡಿಸದ ಮಣ್ಣಿಗೆ ಸುರಿಯಬೇಡಿ.

ಯೂರಿಯಾದಂಥ ಸಾರಜನಕ ಗೊಬ್ಬರ ಈಗ ಬೇಡವೇ ಬೇಡ. ಅದು ಎಳೆ ಚಿಗುರು ಹೊಮ್ಮಿಸುತ್ತದೆ, ಆ ಚಿಗುರು ಮೊದಲ ಹಿಮಕ್ಕೇ ಸುಟ್ಟು ಕರಕಲಾಗುತ್ತದೆ. ಗಿಡ ಹೀರದೆ ಉಳಿದದ್ದು ಮಳೆಯಲ್ಲಿ ಕೊಚ್ಚಿಹೋಗುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರವನ್ನು 3ರಿಂದ 5 ಸೆಂಟಿಮೀಟರ್ ದಪ್ಪ ಮಡಿಯ ಮೇಲೆ ಹರಡಿದರೆ ಸಾಕು. ಅಗೆದು ಬೆರೆಸುವ ಶ್ರಮ ಬೇಡ, ಎರೆಹುಳುಗಳು ಎಳೆದುಕೊಳ್ಳುತ್ತವೆ. ಮಣ್ಣು ಒದ್ದೆಯಿದ್ದಾಗ ಮಡಿಯ ಮೇಲೆ ಕಾಲಿಡಬೇಡಿ.

ಉದುರಿದ ಎಲೆ: ಸುಡಬೇಡಿ, ಎಸೆಯಬೇಡಿ

ಮರ ವರ್ಷವಿಡೀ ಆಳದಿಂದ ಎತ್ತಿದ ಖನಿಜಗಳ ಒಂದು ಪಾಲು ಈ ಎಲೆಗಳಲ್ಲಿದೆ. ಅದನ್ನು ಚೀಲಕ್ಕೆ ತುಂಬಿ ಹೊರಗಿಟ್ಟು, ಆಮೇಲೆ ಗೊಬ್ಬರ ಕೊಂಡು ತರುವುದನ್ನು ನೋಡಿದರೆ ಸಂಕಟವಾಗುತ್ತದೆ. ಎಲೆಗೆ ಎರಡು ದಾರಿಗಳಿವೆ.

ಮೊದಲನೆಯದು ಕಾಂಪೋಸ್ಟ್. ರಾಶಿ ಕಾವೇರಬೇಕಾದರೆ ಅದು ಕನಿಷ್ಠ ಒಂದು ಮೀಟರ್ ಉದ್ದ, ಅಗಲ, ಎತ್ತರ ಇರಬೇಕು. ಅದಕ್ಕಿಂತ ಚಿಕ್ಕದಾದರೆ ಒಳಗೆ ಹುಟ್ಟಿದ ಬಿಸಿ ಬದಿಗಳಿಂದಲೇ ಸೋರಿಹೋಗುತ್ತದೆ. ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ಕ್ಕೆ 1 ಇದ್ದರೆ ಸೂಕ್ಷ್ಮಜೀವಿಗಳು ವೇಗವಾಗಿ ದುಡಿಯುತ್ತವೆ. ತೂಕ ಹಾಕುತ್ತ ಕೂರುವ ಅಗತ್ಯವಿಲ್ಲ: ಎರಡು ಮೂರು ಬುಟ್ಟಿ ತರಗೆಲೆಗೆ ಒಂದು ಬುಟ್ಟಿ ಹಸಿ ಪದಾರ್ಥ, ಅಂದರೆ ಕೊಯ್ದ ಹುಲ್ಲು, ತರಕಾರಿ ಸಿಪ್ಪೆ, ರೋಗವಿಲ್ಲದ ಹಸಿ ಗಿಡ. ಪದರ ಪದರವಾಗಿ ಹಾಕುತ್ತ ಪ್ರತಿ ಪದರಕ್ಕೂ ನೀರು ಚಿಮುಕಿಸಿ. ತೇವ ಸರಿಯಿದೆಯೇ ಎಂದು ನೋಡುವ ವಿಧಾನ ಸುಲಭ. ರಾಶಿಯೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ: ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಿಸಿಕೊಂಡು ಅಲ್ಲೇ ನಿಂತರೆ ಸರಿ. ನೀರು ಧಾರೆಯಾಗಿ ಇಳಿದರೆ ತರಗೆಲೆ ಸೇರಿಸಿ ಮಗುಚಿ. ಮುಷ್ಟಿ ಬಿಚ್ಚಿದ ಕೂಡಲೇ ಹಿಡಿ ಪುಡಿಪುಡಿಯಾಗಿ ಉದುರಿದರೆ ನೀರು ಬೇಕು.

ಮೂಗು ಹೇಳುವುದನ್ನೂ ಕೇಳಿ. ಅಮೋನಿಯದ ಘಾಟು ಬಂದರೆ ಹಸಿ ಪದಾರ್ಥ ಹೆಚ್ಚಾಗಿದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ. ವಾಸನೆಯೂ ಇಲ್ಲದೆ ಕಾವೂ ಇಲ್ಲದೆ ರಾಶಿ ಸುಮ್ಮನೆ ಬಿದ್ದಿದ್ದರೆ ಒಣಗಿದೆ ಅಥವಾ ಸಾರಜನಕ ಸಾಲದು. ಮಧ್ಯದ ಕಾವು ಇಳಿಯತೊಡಗಿದಾಗಲೆಲ್ಲ ಒಮ್ಮೆ ಮಗುಚಿದರೆ ಅದು ಮತ್ತೆ ಏರುತ್ತದೆ.

ಎರಡನೆಯದು ಬರಿಯ ಎಲೆಗೊಬ್ಬರ. ಇಲ್ಲಿ ಕಾವು ಬೇಕಿಲ್ಲ. ತಂಪಿನಲ್ಲಿ, ನಿಧಾನವಾಗಿ, ಶಿಲೀಂಧ್ರಗಳು ಎಲೆಯನ್ನು ಕರಗಿಸುತ್ತವೆ. ತಂತಿಬಲೆಯನ್ನು ಒಂದು ಮೀಟರ್ ಅಗಲದ ಸುತ್ತಾಗಿ ನಿಲ್ಲಿಸಿ, ಎಲೆ ತುಂಬಿ, ತುಳಿದು, ಚೆನ್ನಾಗಿ ನೆನೆಸಿ. ಹುಲ್ಲು ಕತ್ತರಿಸುವ ಯಂತ್ರವನ್ನು ಎಲೆಗಳ ಮೇಲೆ ಓಡಿಸಿ ಚೂರು ಮಾಡಿ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಕಪ್ಪಗೆ, ಕಾಡಿನ ಮಣ್ಣಿನ ವಾಸನೆ ಬೀರುವ ಗೊಬ್ಬರ ಸಿಗುತ್ತದೆ. ಇಡೀ ಎಲೆಗೆ ಎರಡು ವರ್ಷ ಹಿಡಿಯಬಹುದು. ಇದರಲ್ಲಿ ಪೋಷಕಾಂಶ ಕಡಿಮೆ, ನೀರು ಹಿಡಿದಿಡುವ ಗುಣ ಅಪಾರ. ಬೀಜ ಮೊಳಕೆ ಹಾಕುವ ಮಿಶ್ರಣಕ್ಕೂ ಮರಳು ಮಣ್ಣಿಗೂ ಇದರಷ್ಟು ಒಳ್ಳೆಯದು ಬೇರೆ ಸಿಗುವುದು ಕಷ್ಟ.

ಎಚ್ಚರವಿರಬೇಕಾದ ಎರಡು ಮಾತು. ಕಪ್ಪು ವಾಲ್ನಟ್ ಮರದ ಎಲೆಯಲ್ಲಿ ಜುಗ್ಲೋನ್ ಎಂಬ ರಾಸಾಯನಿಕವಿದೆ, ಅದು ಟೊಮೆಟೊ ಗಿಡಕ್ಕೆ ವಿಷ. ಆ ಎಲೆಗಳನ್ನು ಬೇರೆಯೇ ಇಡಿ. ಒಣ ಎಲೆಯನ್ನು ಕಳಿಯುವ ಮೊದಲೇ ಮಣ್ಣಿನೊಳಗೆ ಅಗೆದು ಮುಚ್ಚಬೇಡಿ. ಅದನ್ನು ಕರಗಿಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುತ್ತವೆ, ವಸಂತದಲ್ಲಿ ನೆಟ್ಟ ಗಿಡ ಹಳದಿಯಾಗಿ ಕುಗ್ಗುತ್ತದೆ. ಮೇಲೆ ಹಾಸಿದರೆ ಈ ತೊಂದರೆಯಿಲ್ಲ. ಹುಲ್ಲುಹಾಸಿನ ಮೇಲೆ ಮಾತ್ರ ಎಲೆ ದಪ್ಪಗೆ ಕೂರಲು ಬಿಡಬೇಡಿ, ಬೆಳಕು ಸಿಗದೆ ಹುಲ್ಲು ಕೊಳೆಯುತ್ತದೆ.

ಖಾಲಿ ಮಡಿಗೆ ಹೊದಿಕೆ

ಬೆಳೆ ತೆಗೆದ ಮಡಿಯಲ್ಲಿ ಇನ್ನೂ ಸಮಯವಿದ್ದರೆ ಜೀವಂತ ಹೊದಿಕೆಯೇ ಮೇಲು. ಚಳಿ ತಡೆಯುವುದರಲ್ಲಿ ರೈ ಧಾನ್ಯಕ್ಕೆ ಸಾಟಿಯಿಲ್ಲ. 10 ಚದರ ಮೀಟರಿಗೆ 120ರಿಂದ 150 ಗ್ರಾಂ ಬಿತ್ತಿ, ಕೈಬಾಚಿಯಿಂದ ಮಣ್ಣಿನಲ್ಲಿ ಬೆರೆಸಿ. ಕೊಳ್ಳುವಾಗ ರೈ ಧಾನ್ಯವೇ ಎಂದು ಖಚಿತಪಡಿಸಿಕೊಳ್ಳಿ, ರೈ ಹುಲ್ಲು ಬೇರೆ ಗಿಡ. ವಸಂತದಲ್ಲಿ ಅದು ಮೊಣಕಾಲೆತ್ತರ ದಾಟುವ ಮೊದಲೇ ಕತ್ತರಿಸಿ. ಕತ್ತರಿಸಿದ ರೈ ಕರಗುವಾಗ ಸಣ್ಣ ಬೀಜಗಳ ಮೊಳಕೆ ತಡೆಯುವ ವಸ್ತುಗಳನ್ನು ಬಿಡುತ್ತದೆ. ಎರಡು ಮೂರು ವಾರ ಬಿಟ್ಟೇ ಕ್ಯಾರೆಟ್, ಸೊಪ್ಪುಗಳನ್ನು ಬಿತ್ತಿ. ಬೆಳೆದ ಸಸಿ ನೆಡಲು ಅಷ್ಟು ಕಾಯಬೇಕಿಲ್ಲ. ಕತ್ತರಿಸುವ ಗೋಜೇ ಬೇಡ ಎನ್ನುವವರಿಗೆ ಓಟ್ಸ್ ಒಳ್ಳೆಯದು. ಕಡು ಚಳಿಯಿರುವ ಕಡೆ ಅದು ತಾನಾಗಿ ಸತ್ತು ಚಾಪೆಯಂತೆ ಮಲಗಿ ಮಣ್ಣನ್ನು ಕಾಯುತ್ತದೆ. ಹಿಮವಿಲ್ಲದ ಕಡೆ ಅಲಸಂದೆ ಅಥವಾ ಅಪ್ಸೆಣಬು ಬಿತ್ತಿ, ಹೂ ಬಿಡಲು ಶುರುವಾದಾಗ ಕತ್ತರಿಸಿ ಮಣ್ಣಿಗೆ ಸೇರಿಸಿ.

ಬಿತ್ತುವ ಸಮಯ ಮೀರಿದ್ದರೆ ಚೂರು ಮಾಡಿದ ಎಲೆ ಅಥವಾ ಒಣಹುಲ್ಲು 8ರಿಂದ 10 ಸೆಂಟಿಮೀಟರ್ ದಪ್ಪ ಹಾಸಿ. ಮರಗಿಡಗಳ ಬುಡಕ್ಕೆ ಹಾಸುವಾಗ ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಗುಡ್ಡೆಯಾಗಿ ಕಾಂಡಕ್ಕೆ ತಾಗಿಸಿದರೆ ತೊಗಟೆ ಕೊಳೆಯುತ್ತದೆ, ಇಲಿಗಳು ಬೆಚ್ಚಗೆ ಕೂತು ತೊಗಟೆ ತಿನ್ನುತ್ತವೆ. ಬಹುವಾರ್ಷಿಕ ಹೂಗಿಡಗಳ ಮೇಲೆ ಹಾಕುವ ಚಳಿಹೊದಿಕೆಗೆ ನೆಲ ಒಮ್ಮೆ ಹೆಪ್ಪುಗಟ್ಟುವ ತನಕ ಕಾಯಬೇಕು. ನೆಲ ಕರಗುವುದು, ಮತ್ತೆ ಗಟ್ಟಿಯಾಗುವುದು ಪದೇಪದೇ ನಡೆದರೆ ಗಿಡದ ಬುಡವೇ ಮೇಲಕ್ಕೆ ಎದ್ದು ಬೇರು ಹರಿಯುತ್ತದೆ. ಆ ಏರಿಳಿತವನ್ನು ತಡೆಯುವುದು ಈ ಹೊದಿಕೆಯ ಕೆಲಸ.

ಈಗ ನೆಡುವಂಥವು

ಬೆಳ್ಳುಳ್ಳಿಗೆ ನೆಲ ಹೆಪ್ಪುಗಟ್ಟುವ 4ರಿಂದ 6 ವಾರ ಮೊದಲಿನ ಹೊತ್ತು ಸೂಕ್ತ. ಆ ಸಮಯದಲ್ಲಿ ಬೇರು ಬಿಡಬೇಕು, ಎಲೆ ಹೆಚ್ಚು ಮೇಲೆ ಬರಬಾರದು. ಹಿಂದಿನ ಮೂರು ನಾಲ್ಕು ವರ್ಷ ಈರುಳ್ಳಿ, ಬೆಳ್ಳುಳ್ಳಿ ಬೆಳೆಯದ ಮಡಿ ಆರಿಸಿ. ಗಡ್ಡೆಯನ್ನು ನೆಡುವ ದಿನವೇ ಬಿಡಿಸಿ. ಎಸಳಿನ ಸಿಪ್ಪೆ ಸುಲಿಯಬೇಡಿ, ಬುಡದ ಚಪ್ಪಟೆ ಬಿಲ್ಲೆ ಮುರಿಯದಂತೆ ನೋಡಿಕೊಳ್ಳಿ, ಬೇರು ಹೊರಡುವುದು ಅಲ್ಲಿಂದಲೇ. ದಪ್ಪ ಎಸಳುಗಳನ್ನೇ ನೆಡಿ, ಸಣ್ಣವು ಅಡುಗೆಗಿರಲಿ. ಚೂಪು ತುದಿ ಮೇಲೆ ಬರುವಂತೆ, ತುದಿಯ ಮೇಲೆ 5 ಸೆಂಟಿಮೀಟರ್ ಮಣ್ಣು ಬರುವಷ್ಟು ಆಳಕ್ಕೆ, 15 ಸೆಂಟಿಮೀಟರಿಗೊಂದರಂತೆ ಇಡಿ. ತಲೆಕೆಳಗಾಗಿ ನೆಟ್ಟರೂ ಗಿಡ ಬರುತ್ತದೆ, ಆದರೆ ಮೊಳಕೆ ಬಳಸಿಕೊಂಡು ಮೇಲೇಳುವುದರಲ್ಲಿ ಗಡ್ಡೆ ವಕ್ರವಾಗಿ ಸಣ್ಣದಾಗುತ್ತದೆ. ಮೇಲೆ 10 ಸೆಂಟಿಮೀಟರ್ ಒಣಹುಲ್ಲು ಹಾಸಿ. ಸಾಕಷ್ಟು ಚಳಿ ಸಿಗದಿದ್ದರೆ ಬೆಳ್ಳುಳ್ಳಿ ಎಸಳಾಗಿ ಒಡೆಯದೆ ಒಂದೇ ಉಂಡೆಯಾಗಿ ಉಳಿಯುತ್ತದೆ.

ಹೂವಿನ ಗೆಡ್ಡೆಗಳಿಗೆ ಆಳದ ಲೆಕ್ಕ ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು: ಟ್ಯೂಲಿಪ್ ಮತ್ತು ಡ್ಯಾಫೊಡಿಲ್‌ಗೆ ಸುಮಾರು 15 ಸೆಂಟಿಮೀಟರ್, ಕ್ರೋಕಸ್‌ಗೆ 7ರಿಂದ 8. ಡ್ಯಾಫೊಡಿಲ್ ಮೊದಲು, ಟ್ಯೂಲಿಪ್ ಕೊನೆಗೆ. ಮಣ್ಣು 13 ಡಿಗ್ರಿಗಿಂತ ಕೆಳಗಿಳಿದ ಮೇಲೆ ಟ್ಯೂಲಿಪ್ ನೆಟ್ಟರೆ ಶಿಲೀಂಧ್ರ ರೋಗದ ಕಾಟ ಕಡಿಮೆ. ನೀರು ನಿಲ್ಲುವ ಜಾಗದಲ್ಲಿ ಯಾವ ಗೆಡ್ಡೆಯೂ ಉಳಿಯುವುದಿಲ್ಲ. ಬೆಚ್ಚನೆಯ ಪ್ರದೇಶದವರು ಟ್ಯೂಲಿಪ್ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ 12 ವಾರವಾದರೂ ಫ್ರಿಜ್‌ನಲ್ಲಿಟ್ಟು ಆಮೇಲೆ ನೆಡಬೇಕಾಗುತ್ತದೆ. ಆ ಫ್ರಿಜ್‌ನಲ್ಲಿ ಸೇಬು ಇರಬಾರದು: ಹಣ್ಣು ಬಿಡುವ ಎಥಿಲೀನ್ ಗೆಡ್ಡೆಯೊಳಗಿನ ಹೂಮೊಗ್ಗನ್ನು ಸಾಯಿಸುತ್ತದೆ.

ಎಲೆ ಉದುರಿಸುವ ಮರ, ಪೊದೆಗಳನ್ನು ನೆಡಲು ಇದು ವರ್ಷದ ಅತ್ಯುತ್ತಮ ಕಾಲ. ಗುಂಡಿ ಬೇರುಗಡ್ಡೆಯ ಎರಡು ಮೂರು ಪಟ್ಟು ಅಗಲವಿರಲಿ, ಆಳ ಬೇರುಗಡ್ಡೆಯಷ್ಟೇ ಇರಲಿ. ಕಾಂಡ ಅಗಲವಾಗಿ ಬೇರಾಗುವ ಜಾಗ ನೆಲದ ಮೇಲೆ ಕಾಣಬೇಕು. ಮರಗಳು ನೆಟ್ಟ ಕೆಲವು ವರ್ಷದಲ್ಲಿ ಕಾರಣ ತಿಳಿಯದೆ ಸೊರಗುವುದಕ್ಕೆ ಹೆಚ್ಚಿನ ಸಲ ಆಳ ಜಾಸ್ತಿಯಾದದ್ದೇ ಮೂಲ. ಕುಂಡದಲ್ಲಿ ಸುರುಳಿ ಸುತ್ತಿದ ಬೇರನ್ನು ಕತ್ತರಿಸಿ ಬಿಡಿಸಿ. ಮಳೆಯಿಲ್ಲದಿದ್ದರೆ ನೆಲ ಹೆಪ್ಪುಗಟ್ಟುವ ತನಕ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರುಣಿಸಿ. ನಿತ್ಯಹಸಿರು ಗಿಡಗಳಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಅವುಗಳ ಎಲೆ ಚಳಿಗಾಲದಲ್ಲೂ ನೀರು ಕಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದ ನೆಲದಿಂದ ಬೇರು ಅದನ್ನು ಎತ್ತಿಕೊಡಲಾರದು.

ಕತ್ತರಿಯನ್ನು ಹಿಡಿತದಲ್ಲಿಡಿ

ಒಣಗಿದ, ಮುರಿದ, ರೋಗ ಬಂದ ಕೊಂಬೆಗಳನ್ನು ಬಿಟ್ಟು ಈಗ ಹೆಚ್ಚೇನನ್ನೂ ಸವರಬೇಡಿ. ಸವರಿದರೆ ಗಿಡ ಚಿಗುರಲು ಹೊರಡುತ್ತದೆ, ಗಾಯವೂ ಬೇಗ ಮಾಯುವುದಿಲ್ಲ. ಲೈಲಾಕ್, ಫೋರ್ಸಿಥಿಯಾದಂಥ ವಸಂತದಲ್ಲಿ ಹೂಬಿಡುವ ಪೊದೆಗಳು ಮೊಗ್ಗನ್ನು ಆಗಲೇ ಕಟ್ಟಿಕೊಂಡಿರುತ್ತವೆ. ಈಗ ಕತ್ತರಿಸುವ ಪ್ರತಿ ರೆಂಬೆಯೂ ಕಳೆದುಕೊಂಡ ಹೂವು. ಚೆರಿ, ಪ್ಲಮ್ ಮರಗಳನ್ನು ಬೇಸಿಗೆಯಲ್ಲೇ ಸವರುವುದು ಕ್ಷೇಮ. ಎತ್ತರದ ಗುಲಾಬಿ ರೆಂಬೆಗಳನ್ನು ಮಾತ್ರ ಮೂರನೆಯ ಒಂದು ಪಾಲು ಮೊಟಕು ಮಾಡಬಹುದು, ಗಾಳಿಗೆ ಗಿಡ ಅಲುಗಾಡಿ ಬೇರು ಸಡಿಲವಾಗುವುದು ತಪ್ಪುತ್ತದೆ.

ಒಳಗೆ ಬರಬೇಕಾದವು

ರಾತ್ರಿಯ ಉಷ್ಣಾಂಶ 12 ಡಿಗ್ರಿಯ ಆಸುಪಾಸಿಗೆ ಬಂದಾಗಲೇ ಒಳಾಂಗಣದ ಕುಂಡಗಳನ್ನು ಮನೆಯೊಳಗೆ ತನ್ನಿ. ತರುವ ಮೊದಲು ಎಲೆಯ ಕೆಳಮೈ, ಕವಲುಗಳ ಸಂದು, ಕುಂಡದ ತಳ ನೋಡಿ. ಹಿಟ್ಟು ತಿಗಣೆ, ಶಲ್ಕ ಕೀಟ, ಜೇಡನುಸಿ ಅಡಗಿರುವುದು ಅಲ್ಲೇ. ಎರಡು ವಾರ ಉಳಿದ ಗಿಡಗಳಿಂದ ದೂರವಿಡಿ. ಹುಳು ಕಂಡರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಒಳಗೆ ಬಂದ ಮೇಲೆ ಒಂದಿಷ್ಟು ಎಲೆ ಉದುರುವುದು ಬೆಳಕು ಕಡಿಮೆಯಾದದ್ದರಿಂದ. ಆಗ ಗಾಬರಿಯಿಂದ ನೀರು ಹೆಚ್ಚಿಸಿದರೆ ಬೇರು ಕೊಳೆಯುತ್ತದೆ.

ಡೇಲಿಯಾ ಗೆಡ್ಡೆಯನ್ನು ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ತೆಗೆಯುವುದು ವಾಡಿಕೆ. ಕಾಂಡವನ್ನು 10ರಿಂದ 15 ಸೆಂಟಿಮೀಟರ್ ಉಳಿಸಿ ಕತ್ತರಿಸಿ, ಒಂದು ಅಡಿ ದೂರದಿಂದ ಫೋರ್ಕ್ ಹಾಕಿ ಎತ್ತಿ. ಮಣ್ಣು ತೊಳೆದು, ಕಾಂಡ ಕೆಳಮುಖವಾಗಿ ಒಂದೆರಡು ದಿನ ಒಣಗಿಸಿ, ಮರದ ಪುಡಿ ಅಥವಾ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಪುಡಿಯಲ್ಲಿ ಮುಚ್ಚಿ 4ರಿಂದ 10 ಡಿಗ್ರಿಯ ಕತ್ತಲೆ ಜಾಗದಲ್ಲಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ: ಸುಕ್ಕಾಗಿದ್ದರೆ ಪುಡಿಗೆ ತುಸು ನೀರು ಚಿಮುಕಿಸಿ, ಮೆತ್ತಗಾಗಿದ್ದರೆ ಆ ಭಾಗ ಕೊಯ್ದು ಎಸೆಯಿರಿ.

ಹೊರಗೇ ಉಳಿಯುವ ಮಣ್ಣಿನ ಕುಂಡಗಳನ್ನು ಇಟ್ಟಿಗೆ ಚೂರುಗಳ ಮೇಲೆ ಎತ್ತಿಡಿ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ತಳದ ತೂತು ಮುಚ್ಚಿ ನೀರು ನಿಂತ ಕುಂಡ ಒಂದೇ ರಾತ್ರಿಯಲ್ಲಿ ಸೀಳುತ್ತದೆ.

ಹಿಮದ ರಾತ್ರಿ

ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳೇ ಅಪಾಯದವು. ನೆಲದ ಬಿಸಿ ತಡೆಯಿಲ್ಲದೆ ಆಕಾಶಕ್ಕೆ ಹೋಗುತ್ತದೆ, ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ಮಧ್ಯಾಹ್ನವೇ ಮಡಿಗೆ ನೀರು ಕೊಡಿ, ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಬಿಸಿ ಹಿಡಿದಿಡುತ್ತದೆ. ಸಂಜೆ, ಸೂರ್ಯ ಮುಳುಗುವ ಮೊದಲೇ, ಹಳೆಯ ಹತ್ತಿ ಬೆಡ್‌ಶೀಟ್ ಅಥವಾ ಗಾರ್ಡನ್ ಫ್ಲೀಸ್ ಎಂಬ ಗಿಡ ಹೊದಿಸುವ ತೆಳು ಬಟ್ಟೆ ಹೊದಿಸಿ. ಹೊದಿಕೆ ನೆಲದವರೆಗೂ ಬರಬೇಕು, ಅಂಚಿಗೆ ಕಲ್ಲು ಇಡಬೇಕು. ಬಟ್ಟೆಯನ್ನು ಗಿಡದ ತಲೆಗೆ ಗಂಟು ಕಟ್ಟಿದರೆ ನೆಲದ ಬಿಸಿ ಒಳಗೆ ಸೇರುವುದೇ ಇಲ್ಲ. ಪ್ಲಾಸ್ಟಿಕ್ ಹಾಳೆ ಎಲೆಗೆ ತಗುಲಿದ ಕಡೆ ಎಲೆ ಸುಡುತ್ತದೆ, ಅದನ್ನೇ ಬಳಸುವುದಾದರೆ ಕೋಲು ನೆಟ್ಟು ಎತ್ತರಿಸಿ. ಬೆಳಗ್ಗೆ ಬಿಸಿಲೇರುವ ಮುಂಚೆ ತೆಗೆಯಿರಿ.

ನೀರಿನ ಪೈಪು, ಉಪಕರಣಗಳು

ಹೋಸ್ ಪೈಪನ್ನು ನಲ್ಲಿಯಿಂದ ಬಿಚ್ಚಿ, ಒಂದು ತುದಿಯಿಂದ ಎತ್ತುತ್ತ ಹೋಗಿ ನೀರೆಲ್ಲ ಖಾಲಿ ಮಾಡಿ ಸುತ್ತಿಡಿ. ಹನಿ ನೀರಾವರಿಯ ಕೊಳವೆಗಳ ತುದಿಯ ಮುಚ್ಚಳ ತೆಗೆದು ರಭಸವಾಗಿ ನೀರು ಬಿಟ್ಟು ಕೆಸರು ಹೊರಹಾಕಿ. ಫಿಲ್ಟರ್ ಬಿಚ್ಚಿ ತೊಳೆಯಿರಿ. ಹೊರಗಿನ ನಲ್ಲಿಗೆ ಒಳಗಿನಿಂದ ನೀರು ನಿಲ್ಲಿಸಿ, ಹೊರಗಿನ ಬಾಯಿ ತೆರೆದೇ ಬಿಡಿ.

ಸನಿಕೆ, ಗುದ್ದಲಿಗಳ ಮಣ್ಣನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ಒಣಗಿಸಿ, ಎಣ್ಣೆ ಸವರಿ. ರೋಗದ ಗಿಡ ಕತ್ತರಿಸಿದ ಕತ್ತರಿಯನ್ನು 70 ಶೇಕಡಾ ಆಲ್ಕೋಹಾಲ್‌ನಿಂದ ಒರೆಸಿ. ಅಲಗುಗಳು ಒಂದರ ಪಕ್ಕ ಒಂದು ಜಾರುವ ಕತ್ತರಿಯಲ್ಲಿ ಇಳಿಜಾರಿರುವ ಮಗ್ಗುಲನ್ನಷ್ಟೇ, ಅದಕ್ಕಿರುವ ಕೋನದಲ್ಲೇ ಮಸೆಯಿರಿ. ಚಪ್ಪಟೆ ಮಗ್ಗುಲನ್ನು ಮಸೆದರೆ ಎರಡು ಅಲಗಿನ ನಡುವೆ ಸಂದು ಬಿದ್ದು ಕಡ್ಡಿ ಕತ್ತರಿಸದೆ ಜಗಿದಂತಾಗುತ್ತದೆ.

ಮರದ ಹಿಡಿಗಳಿಗೆ ಮರಳು ಕಾಗದ ಉಜ್ಜಿ ಅಗಸೆ ಎಣ್ಣೆ ಹಚ್ಚಿ, ಕಾಲು ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಏರುತ್ತ ಹೋಗಿ ಕಿಡಿಯಿಲ್ಲದೆಯೂ ಬಟ್ಟೆ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಬಿಡಿಸಿ, ಮನೆಯಿಂದ ದೂರ ಬಯಲಲ್ಲಿ ಹರವಿ ಪೂರ್ತಿ ಗಟ್ಟಿಯಾಗುವವರೆಗೆ ಒಣಗಲು ಬಿಡಿ, ಆಮೇಲಷ್ಟೇ ಕಸಕ್ಕೆ ಹಾಕಿ.